ಇಮಾಮ್‌ಸಾಬರ ಸಲಾಕೆ ಊಟ

ಜನವರಿ 6, ಸೋಮವಾರ

ಹೊನ್ನಾಳಿ ರಸ್ತೆಯ ತಿರುವಿನಲ್ಲಿ, ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದ್ದ ಮಳಿಗೆಗೆ ಹೊಸ ಬೋರ್ಡು ಬಂದಿದೆ. ಕೆಂಪು ಹಿನ್ನೆಲೆ, ಆರಡಿ ಉದ್ದ, ಬ್ರೆಜಿಲಿಯನ್ ಸ್ಟೀಕ್ ಹೌಸ್ ಎಂದು ಪೂರ್ತಿ ಇಂಗ್ಲಿಷಿನಲ್ಲಿ. ಕನ್ನಡದ ಒಂದು ಅಕ್ಷರವೂ ಇಲ್ಲ.

ಆ ಮಳಿಗೆಯ ಚರಿತ್ರೆ ನನ್ನಷ್ಟು ಯಾರಿಗೂ ಗೊತ್ತಿಲ್ಲ. ಎಪ್ಪತ್ತೆಂಟರಲ್ಲಿ ಸೈಕಲ್ ಶಾಪು, ಎಂಬತ್ತೈದರಲ್ಲಿ ಟೈಪಿಂಗ್, ಆಮೇಲೆ ಎಸ್‌ಟಿಡಿ ಬೂತು, ಆಮೇಲೆ ಮೊಬೈಲ್ ರಿಪೇರಿ. ಒಬ್ಬರಾದ ಮೇಲೆ ಒಬ್ಬರು ಬಂದಂತೆ ಬೋರ್ಡಿನಲ್ಲಿ ಕನ್ನಡ ಒಂದೊಂದು ಸಾಲು ಕೆಳಗಿಳಿಯುತ್ತ ಹೋಯಿತು. ಈಗ ನೆಲಕ್ಕೇ ಬಿದ್ದಿದೆ. ನಾಮಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡವಿರಬೇಕೆಂದು ಕಾನೂನೇ ಇದ್ದರೂ ನೋಡುವವರಿಲ್ಲ.

ಮನೆಗೆ ಬಂದು ಲೈಸೆನ್ಸ್ ಕೊಡುವ ಕಚೇರಿಗೆ ಅರ್ಜಿ ಬರೆದೆ. “ಈ ನೆಲಕ್ಕೆ ಸಲ್ಲದ ಈ ಫಲಕವನ್ನು ಕೂಡಲೇ ತೆರವುಗೊಳಿಸಬೇಕು” ಎಂಬ ವಾಕ್ಯ ಚೆನ್ನಾಗಿ ಬಂತು. ಕೊನೆಗೆ ಎಂದಿನಂತೆ ‘ಊರಿನ ಸಮಸ್ತ ನಾಗರಿಕರ ಪರವಾಗಿ’ ಎಂದು ಬರೆದು ಸಹಿ ಹಾಕಿದೆ. ಪುಷ್ಪಾ ಒಳಗಿನಿಂದ, “ಊಟಕ್ಕೆ ನೀವೊಬ್ರೇ ಬರ್ತೀರೋ, ಸಮಸ್ತ ನಾಗರಿಕರೂ ಬರ್ತಾರೋ?” ಎಂದು ಕೇಳಿದಳು. ಮದುವೆಯಾದ ನಲವತ್ತೊಂದು ವರ್ಷದಿಂದ ಇಂಥದ್ದನ್ನು ಕೇಳುತ್ತಲೇ ಇದ್ದಾಳೆ.

ಜನವರಿ 12, ಭಾನುವಾರ

ಓದುಗರ ಬಳಗದ ಹುಡುಗರು ಬಂದಿದ್ದರು. ನಿವೃತ್ತಿಯಾದ ಮೇಲೆ ನಾನು ನಡೆಸುತ್ತಿರುವ ಒಂದೇ ತರಗತಿ ಇದು. ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಇಪ್ಪತ್ತೆರಡು ಜನ ಪದವಿ ವಿದ್ಯಾರ್ಥಿಗಳು. ನ್ಯಾಮತಿಯಿಂದ ಬಸ್ಸಿನಲ್ಲಿ ಬರುವವರೂ ಇದ್ದಾರೆ. ಜಗಳೂರು ಕಡೆಯ ಚೈತ್ರಶ್ರೀ ಹಾಸ್ಟೆಲಿನಲ್ಲಿದ್ದಾಳೆ. ಬಳಗದ ಮುಂದಾಳು ಅವಳೇ.

ಓದಿದ್ದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಮಾಡುವ ಊಟದ ಮಾತು.

“ಇಪ್ಪತ್ತೈದನೇ ತಾರೀಕು ಸಂಜೆ ಸಾರ್, ಇಮಾಮ್‌ಸಾಬ್ ಚಾಚಾರ ಹೋಟ್ಲಾಗೆ. ನೀವೂ ಬರಬೇಕು” ಎಂದಳು ಚೈತ್ರಶ್ರೀ.

“ಯಾವ ಹೋಟೆಲು?”

“ಅದೇ ಸಾರ್, ಬ್ರೆಜಿಲ್ದು. ಉದ್ದನೆ ಸಲಾಕೆಗೆ ಮಾಂಸ ಚುಚ್ಚಿ ಸುಟ್ಟು, ಸಲಾಕೆ ಹಿಡ್ಕೊಂಡೇ ನಮ್ಮ ಹತ್ರ ಬಂದು ತಟ್ಟೆಗೆ ಕೊಯ್ದು ಹಾಕ್ತಾರಂತೆ. ನಾವು ಬ್ಯಾಡ ಅನ್ನೋತನಕ.”

ಆಂಜನೇಯ ಎಂಬವನು, “ನಾವು ಬ್ಯಾಡ ಅನ್ನಲ್ಲ ಸಾರ್, ಅದಕ್ಕೇ ಚಾಚಾರನ್ನ ನೆನೆಸ್ಕೊಂಡ್ರೆ ಪಾಪ ಅನಿಸ್ತೈತೆ” ಎಂದ. ಎಲ್ಲರೂ ನಕ್ಕರು.

ನಾನು ಮಾಂಸ ತಿನ್ನುವವನಲ್ಲ, ತಿನ್ನುವವರ ಸಾಲಿನಲ್ಲಿ ಕೂತವನೂ ಅಲ್ಲ ಎಂದು ಅವರಿಗೆ ಗೊತ್ತಿದೆ. ಆದರೆ ನಾನು ಕೊಟ್ಟ ಕಾರಣ ಬೇರೆ: ಇಂಗ್ಲಿಷ್ ಬೋರ್ಡಿನ ಕೆಳಗೆ ಕಾಲಿಡುವುದಿಲ್ಲ ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಜನವರಿ 15, ಬುಧವಾರ

ಇಮಾಮ್‌ಸಾಬ್ ರಸ್ತೆಯಲ್ಲಿ ಹಿಡಿದು ನಿಲ್ಲಿಸಿದರು. ನನ್ನ ಮೊದಲನೆಯ ಪ್ಯಾಂಟು ಹೊಲಿದ ದರ್ಜಿಯ ಮಗ ಇವರು ಎಂದು ಅವರು ಹೇಳಿದ ಮೇಲೆ ಗುರುತು ಸಿಕ್ಕಿತು. ಮೂಗು ತಂದೆಯದೇ.

ಕುವೈತಿನಲ್ಲಿ ಹನ್ನೊಂದು ವರ್ಷ ಬ್ರೆಜಿಲ್ ಪದ್ಧತಿಯ ಹೋಟೆಲೊಂದರಲ್ಲಿ ಸಲಾಕೆ ಹಿಡಿದು ಬಡಿಸುತ್ತಿದ್ದರಂತೆ. ಪ್ರತಿಯೊಬ್ಬರ ತಟ್ಟೆಯ ಪಕ್ಕ ಒಂದು ಬಿಲ್ಲೆ; ಹಸಿರು ಮೇಲಿದ್ದರೆ ಬಡಿಸಬೇಕು, ಕೆಂಪು ಮೇಲಿದ್ದರೆ ಮುಂದೆ ಹೋಗಬೇಕು. ಮಾತೇ ಬೇಕಿಲ್ಲ.

“ಇಲ್ಲಿ ಕುರಿ, ಕೋಳಿ ಅಷ್ಟೇ ಸಾರ್. ಬೇರೆ ಏನೂ ಇಲ್ಲ. ಆ ಬೋರ್ಡು ಅಲ್ಲಿ ಹೆಂಗಿತ್ತೋ ಹಂಗೇ ಬರೆಸಿಬಿಟ್ಟೆ.”

“ಮತ್ತೆ ಹೋಗುವುದಿಲ್ಲವೆ?” ಎಂದೆ.

“ನನ್ನ ಮಗಳು ಶಬ್ನಮ್ ಹುಟ್ಟಿದ್ದು, ನಡೆದದ್ದು, ಸ್ಕೂಲಿಗೆ ಹೋಗಿದ್ದು ಎಲ್ಲಾ ಫೋನಿನಾಗೆ ನೋಡಿದೀನಿ ಸಾರ್. ಅಲ್ಲಿಯ ಮಾಲೀಕ ಫೆಬ್ರವರಿ ಮುಗಿಯೋತನಕ ನನ್ನ ಜಾಗ ಖಾಲಿ ಇಟ್ಟಿರ್ತೀನಿ ಅಂದಾನೆ. ಈ ಹೋಟ್ಲು ನಿಂತರೆ ಇಲ್ಲೇ. ನಿಲ್ಲಲಿಲ್ಲ ಅಂದ್ರೆ ವಿಮಾನ. ಹುಡುಗರದ್ದೇ ಮೊದಲ್ನೇ ದೊಡ್ಡ ಊಟ. ಅದು ಚೆನ್ನಾಗಿ ಆಯ್ತು ಅಂದ್ರೆ ನಾಲ್ಕು ಜನಕ್ಕೆ ಗೊತ್ತಾಗ್ತೈತೆ.”

ಅರ್ಜಿ ಕೊಟ್ಟಿದ್ದೇನೆಂದು ಹೇಳಬೇಕಿತ್ತು. ಬಿಸಿಲು ಜೋರಾಗಿತ್ತು, ಹೊರಟುಬಿಟ್ಟೆ.

ಜನವರಿ 18, ಶನಿವಾರ

ಮಳಿಗೆಯ ಬಾಗಿಲಿಗೆ ನೋಟೀಸು ಅಂಟಿಸಿದ್ದಾರೆ. ಸಾರ್ವಜನಿಕರ ದೂರು ಬಂದಿರುವುದರಿಂದ ವಿಚಾರಣೆ ಮುಗಿಯುವವರೆಗೆ ವ್ಯಾಪಾರ ಮಾಡಕೂಡದು. ವಿಚಾರಣೆ ಫೆಬ್ರವರಿ ಮೂರಕ್ಕೆ.

ಬೋರ್ಡು ಕೆಟ್ಟದ್ದಾದರೆ ಬೋರ್ಡು ಇಳಿಸಲಿ. ಬಾಗಿಲಿಗೆ ಬೀಗ ಯಾಕೆ? ನನ್ನ ಅರ್ಜಿಯಲ್ಲಿ ಬಾಗಿಲಿನ ಮಾತೇ ಇಲ್ಲ.

ಜನವರಿ 20, ಸೋಮವಾರ

ಲೈಸೆನ್ಸ್ ಕೊಡುವ ಕಚೇರಿಗೆ ಹೋಗಿದ್ದೆ. ಗುಮಾಸ್ತ ಚಿಕ್ಕಹನುಮಂತಪ್ಪ ಫೈಲು ತೆಗೆದು ನನ್ನ ಮುಂದೆ ಇಟ್ಟ. ಮೇಲೆ ನನ್ನ ಅರ್ಜಿ. ಕೆಳಗೆ ಇನ್ನೊಂದು, ಹದಿನೇಳು ಸಹಿಗಳದು. ಮೊದಲ ಸಹಿ ಮಾಲತೇಶನದು. ತೊಂಬತ್ತೊಂಬತ್ತರಲ್ಲಿ ನನ್ನ ವಿದ್ಯಾರ್ಥಿ, ಈಗ ಊರಿನ ಹಿತರಕ್ಷಣಾ ಸಮಿತಿಯ ಮುಂದಾಳು. ಹೊಗೆ, ವಾಸನೆ, ಮಕ್ಕಳ ಮನಸ್ಸಿನ ಮೇಲೆ ಪರಿಣಾಮ, ಇತ್ಯಾದಿ. ನಡುವೆ ಈ ವಾಕ್ಯ: “ಈ ನೆಲಕ್ಕೆ ಸಲ್ಲದ ಈ ಹೋಟೆಲನ್ನು ಕೂಡಲೇ ತೆರವುಗೊಳಿಸಬೇಕು.”

ಫಲಕ ಎಂದು ನಾನು ಬರೆದಿದ್ದ ಕಡೆ ಹೋಟೆಲು ಎಂದು ಹಾಕಿದ್ದಾರೆ. ಉಳಿದದ್ದೆಲ್ಲ ನನ್ನದೇ. ತೊಂಬತ್ತೊಂಬತ್ತರಲ್ಲೂ ಮಾಲತೇಶ ಪಕ್ಕದವನ ಹಾಳೆ ನೋಡಿ ಬರೆಯುತ್ತಿದ್ದ.

“ನನ್ನ ಅರ್ಜಿ ವಾಪಸ್ ಕೊಡಪ್ಪ” ಎಂದೆ.

“ಬರಲ್ಲ ಸಾರ್.”

“ಬರೆದವನು ನಾನು. ಸಹಿ ನನ್ನದು.”

“ಸಹಿ ನಿಮ್ದು, ದೂರು ನಿಮ್ದಲ್ಲ. ಇಲ್ಲಿ ನೋಡ್ರಿ, ಸಮಸ್ತ ನಾಗರಿಕರ ಪರವಾಗಿ ಅಂತ ಬರೆದೀರಿ. ನೀವೊಬ್ರು ಬಂದು ಸಮಸ್ತರದ್ದು ವಾಪಸ್ ತಗಳ್ಳಾಕೆ ಹೆಂಗೆ ಬರ್ತೈತೆ? ಎಲ್ಲಾ ನಾಗರಿಕರ ಒಪ್ಪಿಗೆ ಪತ್ರ ತಗೊಂಡ್ ಬರ್ರಿ.”

“ಬರೆಯುವಾಗಲೇ ನಾನು ಅವರ ಒಪ್ಪಿಗೆ ಕೇಳಿರಲಿಲ್ಲವಲ್ಲ.”

“ಅದನ್ನ ನಾವು ಕೇಳಲ್ಲ ಸಾರ್. ದೂರು ಕೊಡಾಕೆ ಒಪ್ಪಿಗೆ ಬೇಕಿಲ್ಲ. ತಗಳ್ಳಾಕೆ ಬೇಕು.”

ಅವನು ಗೇಲಿ ಮಾಡುತ್ತಿರಲಿಲ್ಲ. ಟೀ ತರಿಸಿ ಕೊಟ್ಟ. ನಾಲ್ಕು ದಶಕದಲ್ಲಿ ನೂರಾರು ಅರ್ಜಿ ಬರೆದಿದ್ದೇನೆ. ಬೀದಿದೀಪ, ಚರಂಡಿ, ಗ್ರಂಥಾಲಯದ ಸೋರುವ ಮಾಡು. ಯಾವುದಕ್ಕೂ ಹನ್ನೆರಡು ದಿನದಲ್ಲಿ ಕ್ರಮ ತೆಗೆದುಕೊಂಡದ್ದು ಕಾಣೆ.

ಜನವರಿ 21, ಮಂಗಳವಾರ

ಚೈತ್ರಶ್ರೀ ಒಬ್ಬಳೇ ಬಂದಳು. ಕೂತುಕೊಳ್ಳಲಿಲ್ಲ.

“ಅರ್ಜಿ ಕೊಟ್ಟಿದ್ದು ನೀವೇ ಅಂತ ಹೇಳ್ತಾರೆ ಸಾರ್. ಹೌದಾ?”

“ಬೋರ್ಡಿನ ಬಗ್ಗೆ ಕೊಟ್ಟೆ.”

“ಬೋರ್ಡು ಕನ್ನಡದಾಗೆ ಬರೆಸ್ರಿ ಅಂತ ಅವರಿಗೆ ಹೇಳಿದ್ರೆ ಮರುದಿನಾನೇ ಬರೆಸ್ತಿದ್ರು. ನಾನೇ ಬರೀತಿದ್ದೆ, ನನಗೆ ಪೇಂಟಿಂಗ್ ಬರ್ತೈತೆ. ನೀವು ಕಚೇರಿಗೆ ಯಾಕೆ ಹೋದ್ರಿ?”

ಮೊದಲು ಮಾತು, ಆಮೇಲೆ ಅರ್ಜಿ ಎಂಬ ಕ್ರಮ ನನಗೆ ಯಾರೂ ಕಲಿಸಿರಲಿಲ್ಲವೋ ಏನೋ.

“ಚಾಚಾ ನಿನ್ನೆ ಕುವೈತಿಗೆ ಫೋನ್ ಮಾಡಿದ್ರು” ಎಂದಳು. “ಹುಡುಗರೆಲ್ಲ ಊಟ ದಾವಣಗೆರೆಯಾಗೆ ಮಾಡಣ ಅಂತಾರೆ. ನಾನು ಬ್ಯಾಡ ಅಂದೀನಿ. ಚಾಚಾರ ಕೈಲೇ ಆಗಬೇಕು. ಆದ್ರೆ ಜಾಗ ಎಲ್ಲಿ? ಅವರ ಮನೆ ಮುಂದೆ ಸೈಕಲ್ ನಿಲ್ಲಿಸಾಕೂ ಜಾಗ ಇಲ್ಲ.”

ಪುಷ್ಪಾ ಸೊಪ್ಪು ಬಿಡಿಸುತ್ತ ಕೂತಿದ್ದವಳು ತಲೆ ಎತ್ತದೆ, “ನಮ್ಮ ಹಿತ್ತಲಾಗೆ ಮಾಡ್ಕೊಳ್ಳಿ” ಎಂದಳು.

ನಾನು ಅವಳ ಕಡೆ ನೋಡಿದೆ. “ಪುಷ್ಪಾ, ನಮ್ಮ ಮನೆಯಲ್ಲಿ ಇದುವರೆಗೆ ಮೊಟ್ಟೆ ಕೂಡ...”

“ಮನೇಲಿ ಅಂದ್ನಾ? ಹಿತ್ತಲಾಗೆ ಅಂದೆ. ಒಲೆ ಅವರದು, ಸಲಾಕೆ ಅವರದು, ಇದ್ದಿಲು ಅವರದು. ನಮ್ಮದು ಬರೀ ಗಾಳಿ. ದುಡ್ಡು ತಗೊಂಡು ವ್ಯಾಪಾರ ಮಾಡಂಗಿಲ್ಲ ಅಂತ ತಾನೇ ನೋಟೀಸು? ಅವರು ನಮ್ಮ ಮನೆಗೆ ನೆಂಟರಾಗಿ ಬಂದು ಸುಡ್ತಾರೆ. ಸಾಮಾನು ಹುಡುಗರು ತರ್ತಾರೆ.”

ಕಾನೂನಿನ ದೃಷ್ಟಿಯಿಂದ ಅವಳ ಮಾತಿನಲ್ಲಿ ದೋಷ ಕಾಣಲಿಲ್ಲ. ಹಾಗೆಂದು ಮಾತ್ರ ಹೇಳಿದೆ.

ಜನವರಿ 23, ಗುರುವಾರ

ಸಿಟ್ಟು. ಯಾರ ಮೇಲೆ ಎಂದು ಬರೆಯಲು ಕೂತೆ, ಹೆಸರುಗಳು ಒಂದೂ ಸರಿಯಾಗಿ ಕೂರಲಿಲ್ಲ. ಹಾಳೆ ಹರಿದೆ.

ಜನವರಿ 25, ಶನಿವಾರ

ಊಟ ಆಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾಲ್ಕು ಗಂಟೆಗೆ ಇಮಾಮ್‌ಸಾಬ್ ಮತ್ತು ಅವರ ಹೆಂಡತಿ ರಹಮತ್‌ಬೀ ಆಟೋದಲ್ಲಿ ಬಂದರು. ಉದ್ದಕ್ಕೆ ಸೀಳಿದ ಒಂದು ಡ್ರಮ್ಮು, ಎರಡು ಚೀಲ ಇದ್ದಿಲು, ಕತ್ತಿಯಷ್ಟು ಉದ್ದದ ಹನ್ನೆರಡು ಸಲಾಕೆ. ಕರಿಬೇವಿನ ಗಿಡದಿಂದ ದೂರ ಹಾಕಿ ಎಂದೆ, ದೂರವೇ ಹಾಕಿದರು. ಮಾಂಸಕ್ಕೆ ಹಚ್ಚಿದ್ದು ಹರಳುಪ್ಪು ಒಂದೇ. ಖಾರವಿಲ್ಲ, ಮಸಾಲೆಯಿಲ್ಲ. ಇದ್ದಿಲು ಒಂದಿಷ್ಟು ಹಸಿ ಇತ್ತು, ಹೊಗೆ ಬಂತು. ಕೋಣೆಯ ಕಿಟಕಿ ಮುಚ್ಚಿದೆ. ಒಳಗೆ ಸೆಕೆಯಾಯಿತು, ತೆರೆದೆ.

ಹುಡುಗರಲ್ಲಿ ಆರು ಜನ ಮಾಂಸ ತಿನ್ನದವರು. ಅವರಿಗೆಂದು ಪುಷ್ಪಾ ಚಿತ್ರಾನ್ನ, ಮೊಸರನ್ನ ಮಾಡಿದ್ದಳು. ಎರಡು ಸಾಲು ಹಾಕಬೇಕೆಂದು ನಾನು ಬೆಳಿಗ್ಗೆಯೇ ತೀರ್ಮಾನಿಸಿದ್ದೆ. ಆದರೆ ಅಟ್ಟದಿಂದ ಇಳಿಸಿದಾಗ ಎರಡನೆಯ ಜಮಖಾನೆಯನ್ನು ಇಲಿ ಕಡಿದಿತ್ತು. ಇದ್ದ ಒಂದನ್ನೇ ಉದ್ದಕ್ಕೆ ಹಾಸಿದರು. ನನಗೆಂದು ಇಟ್ಟಿದ್ದ ಕುರ್ಚಿಯನ್ನು ಪಾತ್ರೆ ಇಡಲು ಯಾರೋ ಎತ್ತಿಕೊಂಡು ಹೋದರು. ಸಾಲಿನ ತುದಿಯಲ್ಲಿ ಕೂತೆ. ಪಕ್ಕದಲ್ಲಿ ಆಂಜನೇಯ.

ಚೈತ್ರಶ್ರೀ ರಟ್ಟಿನಲ್ಲಿ ಬಿಲ್ಲೆ ಕತ್ತರಿಸಿ ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು ಬಳಿದಿದ್ದಳು. ಇಮಾಮ್‌ಸಾಬ್ ಬಿಳಿ ಅಂಗಿ ತೊಟ್ಟು, ಎಡಗೈಯಲ್ಲಿ ಸಲಾಕೆ ನಿಲ್ಲಿಸಿಕೊಂಡು, ಬಲಗೈಯಲ್ಲಿ ಚೂರಿ ಹಿಡಿದು ಸಾಲಿನ ತುದಿಯಲ್ಲಿ ನಿಂತರು. ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿದ ಮನುಷ್ಯನೇ ಅಲ್ಲ. ಬೆನ್ನು ನೆಟ್ಟಗೆ. ಕಾಗದದಷ್ಟು ತೆಳ್ಳಗೆ ಕೊಯ್ದು, ಬೀಳುವ ಮೊದಲೇ ಚೂರಿಯ ತುದಿಯಲ್ಲಿ ಹಿಡಿದು ತಟ್ಟೆಗೆ ಇಡುತ್ತಿದ್ದರು. ಒಂದು ಹನಿಯೂ ಹೊರಗಿಲ್ಲ.

ತೊಡಕು ಶುರುವಾದದ್ದು ಎರಡನೆಯ ಸುತ್ತಿಗೆ. ನಮ್ಮ ಕಡೆಯವರಿಗೆ ಸಾಕು ಅನ್ನುವುದು ಕೈಯಿಂದ ಗೊತ್ತು; ಎಲೆಗೆ ಕೈ ಅಡ್ಡ ಇಟ್ಟು, ಬೇಡ ಬೇಡ ಅನ್ನಬೇಕು, ಬಡಿಸುವವರು ಕೈ ಸರಿಸಿ ಬಡಿಸಬೇಕು. ಹುಡುಗರು ಹಾಗೇ ಮಾಡಿದರು. ಕೈ ತಟ್ಟೆಯ ಮೇಲೆ, ಬಿಲ್ಲೆ ಮಾತ್ರ ಹಸಿರು. ಇಮಾಮ್‌ಸಾಬ್ ಹನ್ನೊಂದು ವರ್ಷದ ಅಭ್ಯಾಸದಂತೆ ಬಿಲ್ಲೆ ನೋಡಿದರು, ಕೊಯ್ದರು.

“ಸಾಕು ಚಾಚಾ, ಸತ್ತೋಗ್ತೀನಿ!” ಎಂದು ಒಬ್ಬಳು ಕೂಗಿದಳು.

“ಹಂಗಾದ್ರೆ ಕೆಂಪು ಮಾಡವ್ವ!”

“ಹೆಂಗೆ ಮಾಡ್ಲಿ? ಬಡಿಸೋರ ಮುಂದೆ ಕೆಂಪು ತೋರಿಸಿದ್ರೆ ಹೋಗು ಅಂದಂಗಲ್ವಾ?”

ಆಂಜನೇಯ ನನ್ನ ಕಡೆ ಬಾಗಿ, “ನಾನಂತೂ ಬಿಲ್ಲೆ ಕಳಕೊಂಡೀನಿ ಸಾರ್” ಎಂದ. ಅದು ಅವನ ತೊಡೆಯ ಕೆಳಗಿತ್ತು, ಹಸಿರು ಮೇಲಾಗಿ.

ಕೊನೆಗೆ ಚೈತ್ರಶ್ರೀ ಧೈರ್ಯ ಮಾಡಿ ತನ್ನದನ್ನು ಕೆಂಪು ಮಾಡಿದಳು. ಇಮಾಮ್‌ಸಾಬ್ ಅದನ್ನು ನೋಡಿದರು. ಅವಳ ಮುಖ ನೋಡಿದರು. “ಒಂದೇ ಒಂದು ಚೂರು, ನನ್ನ ಮಗಳ ಹೆಸರಲ್ಲಿ” ಎಂದು ಕೊಯ್ದು ಹಾಕಿಯೇಬಿಟ್ಟರು. ಅಲ್ಲಿಗೆ ಬಿಲ್ಲೆಗಳ ಆಟ ಮುಗಿಯಿತು. ರಹಮತ್‌ಬೀ ಪುಷ್ಪಾಳ ಪಕ್ಕ ಕೂತು, “ನೋಡ್ರಿ ಅಕ್ಕ, ಅಲ್ಲಿ ಬಣ್ಣ ನೋಡಿ ಬಡಿಸ್ತಿದ್ರಂತೆ, ಇಲ್ಲಿ ಮುಖ ನೋಡಿ ಬಡಿಸ್ತಾರೆ. ಈ ಹೋಟ್ಲು ಉದ್ಧಾರ ಆಗ್ತೈತಾ?” ಎಂದರು. ಇಬ್ಬರೂ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದರು. ಏಳೂವರೆಗೆ ಸಲಾಕೆಗಳೆಲ್ಲ ಖಾಲಿ.

ಆಗ ಹಿತ್ತಲಿನ ಗೇಟಿನ ಹತ್ತಿರ ಬೈಕು ನಿಂತಿತು. ಮಾಲತೇಶ. ಫೋನು ಎತ್ತಿ ಹಿಡಿದಿದ್ದ.

“ಏನ್ ಮೇಷ್ಟ್ರೆ, ನಿಮ್ಮ ಮನೇಲೇ?”

“ಹಿತ್ತಲಲ್ಲಿ” ಎಂದೆ. “ಫೋಟೋ ತೆಗೆಯುವುದಾದರೆ ಒಳಗೆ ಬಂದು ತೆಗಿ. ಅಲ್ಲಿಂದ ಕತ್ತಲೆ ಬರುತ್ತದೆ.”

ಒಳಗೆ ಬರಲಿಲ್ಲ.

ಮೊಸರನ್ನಕ್ಕೆ ಉಪ್ಪು ಕಮ್ಮಿಯಾಗಿತ್ತು. ಆಂಜನೇಯ ತನ್ನ ತಟ್ಟೆಯ ಅಂಚಿನಲ್ಲಿದ್ದ ಹರಳುಪ್ಪು ಚಿಟಿಕೆ ತೆಗೆದು ಕೊಟ್ಟ. ಹಾಕಿಕೊಂಡೆ.

ಜನವರಿ 28, ಮಂಗಳವಾರ

ಫೋಟೋ ಊರೆಲ್ಲ ತಿರುಗಿದೆ. ಮುಂದಿನ ವಾರ ನಾನು ಮಾಡಬೇಕಿದ್ದ ಉಪನ್ಯಾಸದ ಕರಪತ್ರ ಮತ್ತೆ ಅಚ್ಚಾಗಿ ಬಂದಿದೆ. ಮೊದಲನೆಯದರಲ್ಲಿ ನನ್ನ ಹೆಸರಿತ್ತು, ಇದರಲ್ಲಿ ಇಲ್ಲ. ಅಚ್ಚು ಮೊದಲಿಗಿಂತ ಚೆನ್ನಾಗಿದೆ.

ಫೆಬ್ರವರಿ 3, ಸೋಮವಾರ

ವಿಚಾರಣೆ. ಮಾಲತೇಶ ಎಂಟು ಜನರ ಜೊತೆ ಬಂದಿದ್ದ. ಇಮಾಮ್‌ಸಾಬ್ ಇಸ್ತ್ರಿ ಮಾಡಿದ ಅದೇ ಬಿಳಿ ಅಂಗಿಯಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಪಾಸ್‌ಪೋರ್ಟು. ಯಾಕೆ ತಂದಿರಿ ಎಂದೆ. “ಯಾವ ದಾಖಲೆ ಕೇಳ್ತಾರೋ ಅಂತ ಸಾರ್” ಎಂದರು.

ಅಧಿಕಾರಿ ಹೊಸಬರು, ಚಿಕ್ಕ ವಯಸ್ಸು. ಮಾಂಸದ ತಪಾಸಣೆ ವರದಿ ಸರಿಯಾಗಿದೆ, ಆಕ್ಷೇಪಣೆ ಏನು ಎಂದು ಕೇಳಿದರು.

ಮಾಲತೇಶ, “ಮೊದಲ್ನೇ ಅರ್ಜಿ ನಮ್ಮ ಮೇಷ್ಟ್ರದೇ ಸಾರ್. ನಾವು ಅವರ ಹಿಂದೆ ಬಂದೋರು. ಸಮಸ್ತ ನಾಗರಿಕರು ಅಂತ ಅವರೇ ಬರೆದಾರೆ” ಎಂದ. ಅವನ ಜೊತೆಯವರು ನಕ್ಕರು.

ನಾನು ಎದ್ದು ನಿಂತೆ. ಮಾತು ಸಿದ್ಧಪಡಿಸಿಕೊಂಡು ಹೋಗಿದ್ದೆ, ಎರಡು ಪುಟ. ಅದು ಜೇಬಿನಲ್ಲೇ ಉಳಿಯಿತು.

“ಹಾಗೆ ಬರೆದಾಗ ನಾನು ಯಾರನ್ನೂ ಕೇಳಿರಲಿಲ್ಲ” ಎಂದೆ. “ನನ್ನ ಹೆಂಡತಿಯನ್ನೂ ಕೇಳಿರಲಿಲ್ಲ. ಇವರನ್ನೂ ಕೇಳಿರಲಿಲ್ಲ. ಇವರೂ ಈ ಊರಿನ ನಾಗರಿಕರು. ಇವರ ಪರವಾಗಿ ಇವರ ಮೇಲೇ ದೂರು ಕೊಟ್ಟಂತಾಯಿತು. ನನಗಿದ್ದ ತಕರಾರು ಬೋರ್ಡಿನದು. ಬೋರ್ಡು ಈಗ ಕನ್ನಡದಲ್ಲಿದೆ; ಮೊನ್ನೆ ನಮ್ಮ ಬಳಗದ ಹುಡುಗಿಯೇ ಬರೆದುಕೊಟ್ಟಳು.”

“ಹೊಗೆ, ವಾಸನೆಯ ವಿಷಯ?” ಎಂದರು ಅಧಿಕಾರಿ.

“ನನ್ನ ಕಿಟಕಿಯ ಕೆಳಗೇ ಸುಟ್ಟರು. ಮೂರು ಗಂಟೆ. ನಾನು ಮಾಂಸ ತಿನ್ನುವವನಲ್ಲ. ನಮ್ಮ ಬೀದಿಯ ಚರಂಡಿಯ ವಾಸನೆ ಅದಕ್ಕಿಂತ ಜಾಸ್ತಿ. ಅದರ ಬಗ್ಗೆ ಆರು ಅರ್ಜಿ ನಿಮ್ಮಲ್ಲೇ ಇವೆ.”

ಚಿಕ್ಕಹನುಮಂತಪ್ಪ ತಲೆ ತಗ್ಗಿಸಿ ಫೈಲು ನೋಡಿದ.

ಫೆಬ್ರವರಿ 5, ಬುಧವಾರ

ಆದೇಶ ಬಂತು. ಪರವಾನಗಿ ಕೊಟ್ಟಿದ್ದಾರೆ, ಷರತ್ತಿನ ಮೇಲೆ. ಒಲೆಯೂ ತೂಗುಹಾಕಿದ ಮಾಂಸವೂ ರಸ್ತೆಗೆ ಕಾಣದಂತೆ ದಪ್ಪ ಪರದೆ ಹಾಕಬೇಕು.

ಇದೆಂಥ ಷರತ್ತು? ರಸ್ತೆಯುದ್ದಕ್ಕೂ ಇರುವ ಬೇರೆ ಮಾಂಸದ ಅಂಗಡಿಗಳಲ್ಲಿ ಯಾರು ಪರದೆ ಹಾಕಿದ್ದಾರೆ? ಮೇಲ್ಮನವಿಗೆ ಅವಕಾಶವಿದೆ. ಕಾಗದ, ಪೆನ್ನು ತೆಗೆದುಕೊಂಡೇ ಮಳಿಗೆಗೆ ಹೋದೆ. ಇಮಾಮ್‌ಸಾಬ್ ಸ್ಟೂಲಿನ ಮೇಲೆ ನಿಂತು ಪರದೆಯ ಸರಳಿಗೆ ಮೊಳೆ ಹೊಡೆಯುತ್ತಿದ್ದರು.

“ಇದನ್ನು ಒಪ್ಪಬೇಡಿ. ನಾನು ಬರೆಯುತ್ತೇನೆ.”

ಅವರು ಕೆಳಗಿಳಿದು ಬಂದರು. “ಸಾರ್, ನೀವು ದೊಡ್ಡೋರು. ಕೈ ಮುಗಿತೀನಿ, ಬರೀಬ್ಯಾಡ್ರಿ. ಬಟ್ಟೆ ತಾನೇ? ನಮ್ಮಪ್ಪ ದರ್ಜಿ, ಹೊಲಿಯಾಕೆ ಬರ್ತೈತೆ. ಕುವೈತಿಗೆ ಫೋನ್ ಮಾಡಿ ಬರಲ್ಲ ಅಂದುಬಿಟ್ಟೆ. ಶಬ್ನಮ್ ಅಲ್ಲೇ ಒಳಗೆ ಈರುಳ್ಳಿ ಎಣಿಸ್ತಾ ಕೂತಾಳೆ ನೋಡ್ರಿ.”

ಪೆನ್ನು ಜೇಬಿಗೆ ಹಾಕಿದೆ. ಸ್ಟೂಲು ಅಲುಗುತ್ತಿತ್ತು. ಮೊಳೆ ಹೊಡೆದು ಮುಗಿಯುವವರೆಗೆ ಹಿಡಿದುಕೊಂಡಿದ್ದೆ.

ಫೆಬ್ರವರಿ 8, ಶನಿವಾರ

ಸಂಜೆ ಹೋಟೆಲಿಗೆ ಹೋಗಿದ್ದೆ. ಹಸಿರು ಪರದೆ, ನೆಲ ಮುಟ್ಟುವಷ್ಟು. ಒಳಗೆ ಜನ ಇದ್ದರು, ನಗು ಕೇಳುತ್ತಿತ್ತು. ಇಮಾಮ್‌ಸಾಬ್ ಒಳಗೆ ಬನ್ನಿ ಎಂದರು. ಸೆಕೆ ಎಂದೆ. ಪರದೆಯ ಹೊರಗೆ, ರಸ್ತೆಗೆ ಮುಖ ಮಾಡಿ ಒಂದು ಕುರ್ಚಿ, ಒಂದು ಸ್ಟೂಲು ಹಾಕಿಕೊಟ್ಟರು.

“ನಿಮಗೆ ಅಂತ ಒಂದು ಐತೆ ಸಾರ್. ಅಲ್ಲಿ ಊಟದ ಕೊನೆಗೆ ಕೊಡ್ತಿದ್ರು. ಆವತ್ತು ಸಿಕ್ಕಿರಲಿಲ್ಲ.”

ಅನಾನಸು. ಇಡೀ ಹಣ್ಣಿಗೆ ಸಕ್ಕರೆ, ಚಕ್ಕೆಪುಡಿ ಹಚ್ಚಿ ಸುಟ್ಟದ್ದು. ಕೊಯ್ದು ತಟ್ಟೆಯಲ್ಲಿ ತಂದುಕೊಟ್ಟರು. ಅಂಚು ಕಪ್ಪು, ಮೇಲೆಲ್ಲ ಕಂದು, ರಸ ಇಳಿಯುತ್ತಿತ್ತು. ಹಣ್ಣು ಹೀಗಾಗುತ್ತದೆಂದು ನಾನು ಎಲ್ಲೂ ಓದಿರಲಿಲ್ಲ.

ಎರಡನೆಯ ಚೂರು ಬಾಯಿಗಿಡುವಾಗ ಮಾಲತೇಶನ ಬೈಕು ರಸ್ತೆಯಂಚಿಗೆ ಬಂದು ನಿಂತಿತು. ಇಳಿಯಲಿಲ್ಲ. ನನ್ನನ್ನು ನೋಡಿದ, ತಟ್ಟೆ ನೋಡಿದ.

“ಮೇಷ್ಟ್ರೆ... ನೀವೂ ಶುರು ಮಾಡಿದ್ರಾ?”

ಚೂರನ್ನು ಬಾಯಿಗಿಟ್ಟುಕೊಂಡೆ.

“ಪರದೆ ಹಾಕ್ಸಿದ್ದೇ ಕಾಣಬಾರ್ದು ಅಂತ. ನೀವು ಹೊರಗೇ ಕೂತೀರಲ್ಲ ಸಾರ್. ಬಸ್ಸಿನಾಗೆ ಹೋಗೋರೆಲ್ಲ ನೋಡ್ತಾರೆ.”

“ನೋಡಲಿ” ಎಂದೆ. ತಟ್ಟೆಯ ವಿಷಯ ಆದೇಶದಲ್ಲಿಲ್ಲ; ಎರಡು ಸಲ ಓದಿದ್ದೇನೆ.

ಅವನು ನಿಂತಿದ್ದ ದೂರದಿಂದ ತಟ್ಟೆಯಲ್ಲಿರುವುದು ಏನೆಂದು ತಿಳಿಯುವಂತಿರಲಿಲ್ಲ. ಹಣ್ಣು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನ್ಯಾಮತಿ ಬಸ್ಸು ಹೋಯಿತು, ಕಿಟಕಿಯಲ್ಲಿ ಗುರುತಿನ ಎರಡು ಮುಖಗಳು ತಿರುಗಿದವು. ಪರದೆ ಸರಿಯಿತು. ಇಮಾಮ್‌ಸಾಬ್ ಇನ್ನೊಂದಿಷ್ಟು ತಂದರು. ಮಾಲತೇಶ ನೋಡುತ್ತಲೇ ಇದ್ದ. ತಟ್ಟೆಯನ್ನು ಅವನ ಕಡೆ ಮುಂದೆ ಮಾಡಿದೆ.